ಐದು ದಿನದ ಪ್ರವಾಸ

"ಅಪ್ಪ ಇಲ್ಲಿ, ಅಮ್ಮ ಇಲ್ಲಿ. ಅವತ್ತು ಹೇಗೆ ನಿಂತಿದ್ರೋ ಹಾಗೇ ನಿಲ್ಲಬೇಕು. ನಾನು ಈ ಕಡೆಯಿಂದ ಫೋಟೋ ಹೊಡೀತೀನಿ," ಎಂದು ಮಗಳು ಮೇಜಿನ ಮೇಲೆ ಹರಡಿದ್ದ ದೊಡ್ಡ ಹಾಳೆಯಲ್ಲಿ ಪೆನ್ಸಿಲಿನಿಂದ ಮೂರು ಚುಕ್ಕೆ ಇಟ್ಟಳು.

ಪುಟ್ಟಿ ಟೀ ಲೋಟಗಳ ತಟ್ಟೆ ಹಿಡಿದು ಇಡಲು ಜಾಗ ಹುಡುಕಿದಳು. ಮೇಜಿನ ಮೇಲೆ ಜಾಗವೇ ಉಳಿದಿರಲಿಲ್ಲ. ಮಗಳು ಆಸ್ಪತ್ರೆಯಲ್ಲಿ ಅರವತ್ತು ನರ್ಸುಗಳ ಡ್ಯೂಟಿ ಪಟ್ಟಿ ಹಾಕುವವಳು. ಪ್ರವಾಸವನ್ನೂ ಹಾಗೇ ಹಾಕಿದ್ದಳು. ಬೆಳಗಿನ ಪಾಳಿಗೆ ಕೋಟೆ, ಮಧ್ಯಾಹ್ನದ ಪಾಳಿಗೆ ಅರಮನೆ, ನಡುವೆ ಎರಡರಿಂದ ಮೂರರವರೆಗೆ ಕೆಂಪು ಶಾಯಿಯಲ್ಲಿ 'ವಿಶ್ರಾಂತಿ, ಕಡ್ಡಾಯ'. ಔಷಧಿಗೆ ಒಂದು ಕಾಲಮ್ಮು, ಛತ್ರಿ ಯಾರ ಕೈಯಲ್ಲಿ ಎನ್ನುವುದಕ್ಕೂ ಒಂದು ಕಾಲಮ್ಮು. ಕೊನೆಯ ಕಾಲಮ್ಮಿನ ತಲೆಗೆ 'ಗೈಡ್' ಎಂದು ಬರೆದು, ಕೆಳಗೆ ಐದೂ ದಿನಕ್ಕೆ 'ಅಮ್ಮ, ಅಮ್ಮ, ಅಮ್ಮ' ಎಂದು ತುಂಬಿಸಿದ್ದಳು. ಪುಟ್ಟಿ ಟೀ ತಟ್ಟೆಯನ್ನು ಆ ಕಾಲಮ್ಮಿನ ಮೇಲೇ ಇಟ್ಟಳು.

ವಿಷಯ ಏನೆಂದರೆ, ಅರವತ್ತನಾಲ್ಕು ವರ್ಷದ ಪುಟ್ಟಿ ಈಗ ಹೊರಟಿದ್ದ ಆ ಹಳೆಯ ರಾಜಧಾನಿಯನ್ನು ಜನ್ಮದಲ್ಲಿ ಕಂಡವಳಲ್ಲ. ಅದು ಗೊತ್ತಿದ್ದದ್ದು ಅವಳಿಗೆ ಮತ್ತು ಅವಳ ಗಂಡನಿಗೆ. ಗೊತ್ತಾಗಬಾರದೆಂದು ಅವಳು ನಲವತ್ತಮೂರು ವರ್ಷ ಕಾಪಾಡಿಕೊಂಡು ಬಂದದ್ದು ಒಬ್ಬಳಿಂದ. ಆ ಒಬ್ಬಳು ಈಗ ಎದುರಿನ ಕುರ್ಚಿಯಲ್ಲಿ ಕುಳಿತು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದಳು.

ಅವಳು ಪುಟ್ಟಿಯ ಅಕ್ಕ. ಬೀದಿಗೆಲ್ಲ ಟೇಲರಕ್ಕ. ಎಪ್ಪತ್ತೊಂದಾದರೂ ದಿನಾ ಅಂಗಡಿ ತೆಗೆಯುವವಳು, ಅಳತೆ ಟೇಪನ್ನು ಕೊರಳಿನಿಂದ ತೆಗೆಯಲು ಮರೆತು ಹಾಗೇ ನೆಂಟರ ಮನೆಗೆ ಬಂದುಬಿಡುವವಳು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಾಗ ಅಕ್ಕನಿಗೆ ಹತ್ತೊಂಬತ್ತು, ತಂಗಿಗೆ ಹನ್ನೆರಡು. ಅಷ್ಟರಲ್ಲಾಗಲೇ ಅಕ್ಕ ಶಾಲೆ ಬಿಟ್ಟು ಅಪ್ಪನ ಹೊಲಿಗೆ ಮಿಶಿನ್ನಿನ ಮುಂದೆ ಕುಳಿತು ಐದು ವರ್ಷವಾಗಿತ್ತು. ಶಾಲೆ ಬಿಟ್ಟ ದಿನ ಚರಿತ್ರೆಯಲ್ಲಿ ಆ ರಾಜಧಾನಿಯ ಪಾಠ ಅರ್ಧ ಆಗಿತ್ತಂತೆ. ಮಿಕ್ಕರ್ಧವನ್ನು ಕಣ್ಣಾರೆ ನೋಡಿಯೇ ಮುಗಿಸುತ್ತೇನೆ ಎಂದು ಬ್ಯಾಂಡಿನವರ ಸಮವಸ್ತ್ರ ಹೊಲಿದು ಹೊಲಿದು ಕೂಡಿಟ್ಟಳು. ಕೂಡಿದ್ದಾದ ಮೇಲೆ ತಂಗಿಗೆ ಮದುವೆಯಾಯಿತು. ಟೇಲರಕ್ಕ ಎರಡು ರೈಲು ಟಿಕೆಟ್ಟು ತಂದು ತಂಗಿಯ ಕೈಗಿಟ್ಟಳು, ತಂಗಿಯ ಗಂಡನಿಗೆ ಒಂದು ಕೋಟು ಹೊಲಿದಳು, "ನೀವು ನೋಡ್ಕೊಂಡು ಬನ್ನಿ. ಬಂದು ನನಗೆ ಹೇಳಬೇಕು ಪುಟ್ಟಿ, ಒಂದೂ ಬಿಡದ ಹಾಗೆ," ಎಂದಳು.

ಹೊರಡುವ ಹಿಂದಿನ ದಿನ ಫೋಟೋ ಸ್ಟುಡಿಯೋಗೆ ಒಂದು ಕಾರ್ಖಾನೆಯ ಒಂಬೈನೂರು ಗುರುತಿನ ಚೀಟಿಯ ಕೆಲಸ ಬಂತು. ಪುಟ್ಟಿಯ ಗಂಡ ಅಲ್ಲಿ ಟಚಿಂಗ್ ಮಾಡುವವರು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಅಳಿಸುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು ಅವರ ಕಸುಬು. ಜನ ಅವರನ್ನು ಟಚಿಂಗ್ ಮೇಷ್ಟ್ರು ಎನ್ನುತ್ತಿದ್ದರು. "ಈಗ ಹೋಗೋದಾದ್ರೆ ವಾಪಸ್ ಬರೋದೇ ಬೇಡ," ಎಂದು ಸ್ಟುಡಿಯೋ ಯಜಮಾನರು ಕಡ್ಡಿ ಮುರಿದಂತೆ ಹೇಳಿದರು. ಹೊಸ ಮದುವೆ, ಹೊಸ ಕೆಲಸ. ಅಕ್ಕನಿಗೆ ಹೇಳಿದ್ದರೆ ಬೈಯುತ್ತಿರಲಿಲ್ಲ. "ಹೋಗ್ಲಿ ಬಿಡೇ," ಎಂದು ನಗುತ್ತಿದ್ದಳು. ಆ ನಗು ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಸ್ಟುಡಿಯೋದಲ್ಲಿ ಅದೇ ಕೋಟೆ ಬಾಗಿಲು ಬರೆದ ಪರದೆಯೊಂದಿತ್ತು. ಅದರ ಮುಂದೆ ಮೇಷ್ಟ್ರು ಅಕ್ಕ ಹೊಲಿದ ಕೋಟು ತೊಟ್ಟು ನಿಂತರು, ಪಕ್ಕದಲ್ಲಿ ಪುಟ್ಟಿ ನಿಂತಳು, ಒಂದು ಫೋಟೋ ಹೊಡೆಸಿದರು. ಪರದೆಯ ಮೇಲೆ ಬಿದ್ದಿದ್ದ ನೆರಳನ್ನೆಲ್ಲ ಮೇಷ್ಟ್ರು ಒಂದಿಡೀ ದಿನ ಕುಳಿತು ಅಳಿಸಿ, ನೆಲದ ಮೇಲೆ ಬಿಸಿಲಿನ ನೆರಳು ಎಳೆದರು. ಐದು ದಿನ ಯಾರ ಕಣ್ಣಿಗೂ ಬೀಳದೆ ಕಳೆದು, ಆರನೆಯ ದಿನ ಪೆಟ್ಟಿಗೆ ಹೊತ್ತು ಅಕ್ಕನ ಮನೆಗೆ ಹೋದರು.

ಅವತ್ತು ಶುರುವಾದ ಕಥೆ ನಿಂತೇ ಇರಲಿಲ್ಲ. ನೂರಾ ಎಂಟು ಮೆಟ್ಟಿಲು, ಕಾಲೊಂದು ಕುಂಟುವ ಪಾರಿವಾಳ, ಬಾಗಿಲ ಬಳಿ ನೀರು ಮಾರುತ್ತಿದ್ದ ಮುದುಕ, ಅವನು ಪುಟ್ಟಿಯನ್ನು "ಬಾ ಮಗಳೇ" ಎಂದು ಕರೆದದ್ದು. ಅಕ್ಕ ಕೇಳಿದಷ್ಟೂ ಪುಟ್ಟಿ ಹೇಳಿದಳು. ಕೇಳಿದ್ದನ್ನು ಟೇಲರಕ್ಕ ಗಿರಾಕಿಗಳಿಗೆ ಹೇಳಿದಳು, ತೋಳಿನ ಅಳತೆ ತೆಗೆಯುತ್ತಾ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

"ಆ ನೀರಿನವನು ಈಗ ಎಲ್ಲಿರ್ತಾನೆ, ಪಾಪ. ಸತ್ತು ಎಷ್ಟು ಕಾಲ ಆಯ್ತೋ," ಎಂದಳು ಟೇಲರಕ್ಕ ಬಿಸ್ಕತ್ತು ನುಂಗಿ. "ಆದ್ರೂ ಅವನು ಕೂರ್ತಿದ್ದ ಜಾಗ ತೋರಿಸ್ಬೇಕು ನೀನು."

"ತೋರಿಸ್ತೀನಿ," ಎಂದಳು ಪುಟ್ಟಿ. ದನಿ ತನ್ನದೇ ಎಂದು ಅವಳಿಗೇ ಅನಿಸಲಿಲ್ಲ.

ಮಗಳು ಒಂದು ಕೈಯಲ್ಲಿ ಹಳೆಯ ಫೋಟೋ, ಇನ್ನೊಂದರಲ್ಲಿ ಫೋನು ಹಿಡಿದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿತು. "ಅಪ್ಪ, ಇದೇನಿದು? ಇಲ್ಲಿ ಗೋಪುರ ಬಾಗಿಲಿನ ಬಲಗಡೆ ಇದೆ. ನಿಮ್ಮ ಫೋಟೋದಲ್ಲಿ ಎಡಗಡೆ."

ಪುಟ್ಟಿ ಗಂಡನ ಕಡೆ ನೋಡಿದಳು. ಪರದೆ ಬರೆದವನು ಸ್ಲೈಡ್ ತೋರಿಸುವ ಲಾಟೀನಿನಿಂದ ಬಟ್ಟೆಯ ಮೇಲೆ ಚಿತ್ರ ಬೀಳಿಸಿ ಅದರ ಗುಂಟ ಗೆರೆ ಎಳೆದಿದ್ದ. ಪುಣ್ಯಾತ್ಮ ಸ್ಲೈಡನ್ನು ತಿರುಗಾಮುರುಗಾ ಸಿಕ್ಕಿಸಿದ್ದ. ಆ ಪರದೆಯ ಮುಂದೆ ನಿಂತ ಸಾವಿರಾರು ಜನರಲ್ಲಿ ಒಬ್ಬರೂ ಆ ಊರು ನೋಡಿದವರಲ್ಲವಾದ್ದರಿಂದ ಯಾರೂ ಅದನ್ನು ಕೇಳಿರಲಿಲ್ಲ. ಇವತ್ತಿನವರೆಗೆ ಈ ದಂಪತಿಗೂ ಗೊತ್ತಿರಲಿಲ್ಲ.

ಮೇಷ್ಟ್ರು ಸುಮ್ಮನಿದ್ದಿದ್ದರೆ ಆಗಿತ್ತು. ಬೇರೆ ಕಡೆ ನಿಂತು ತೆಗೆದಿರಬಹುದು, ಮರೆತುಹೋಗಿದೆ ಎಂದರೂ ಆಗುತ್ತಿತ್ತು. ಆದರೆ ಕಸುಬಿನ ಮಾತು ಬಂದರೆ ಅವರ ನಾಲಿಗೆ ನಿಲ್ಲುವುದಿಲ್ಲ. "ಅದಾ? ಅದು ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿರೋದು. ಅವಸರದಲ್ಲಿ ಹಾಗಾಗುತ್ತೆ. ಎಡ ಬಲ, ಬಲ ಎಡ. ಇಡೀ ಚಿತ್ರಾನೇ ಮಗುಚಿ ಬಿದ್ದಿದೆ ಅಷ್ಟೆ," ಎಂದು ಅಂಗೈ ಮಗುಚಿ ತೋರಿಸಿದರು.

"ಓ, ಹಾಗಾ! ಹಾಗಾದ್ರೆ ನೀವು ಈ ಕಡೆ ನಿಲ್ಲಬೇಕು," ಎಂದು ಮಗಳು ಚುಕ್ಕೆಗಳನ್ನು ಅಳಿಸಿ ಅದಲುಬದಲು ಮಾಡಿದಳು.

"ಎಲ್ಲಿ, ಕೊಡು ಇಲ್ಲಿ," ಎಂದಳು ಟೇಲರಕ್ಕ. ಕನ್ನಡಕ ಏರಿಸಿಕೊಂಡು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಬೆರಳಿನಿಂದ ಅದರ ಮೇಲೆ ಏನನ್ನೋ ಮೇಲಿನಿಂದ ಕೆಳಗೆ ಎಣಿಸಿದಳು. ಆಮೇಲೆ ತನ್ನ ಎಡ ಎದೆಯ ಮೇಲೆ ಕೈ ಇಟ್ಟುಕೊಂಡು ಇನ್ನೊಮ್ಮೆ ನೋಡಿದಳು. ಫೋಟೋವನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲು ಹಾಕಿ, ಮಿಕ್ಕ ಟೀ ಕುಡಿಯದೆ ಎದ್ದಳು.

"ಅಂಗಡೀಲಿ ಕೆಲಸ ಇದೆ," ಎಂದಷ್ಟೇ ಹೇಳಿ ಹೊರಟಳು. ತಂಗಿಯ ಮುಖ ನೋಡಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಮಗಳ ಫೋನಿಗೆ ಕರೆ ಬಂತು. "ದೊಡ್ಡಮ್ಮ ಬರಲ್ಲವಂತೆ! ನನ್ನ ಟಿಕೆಟ್ ಬೇಡ ಅಂತ ಹೇಳಿ ಇಟ್ಟುಬಿಟ್ರು. ಏನಾಯ್ತಮ್ಮ?" ಎಂದು ಅವಳು ಪಟ್ಟಿಯ ಮುಂದೆ ತಲೆ ಮೇಲೆ ಕೈ ಹೊತ್ತು ಕುಳಿತಳು. ನಾಲ್ವರಿಗೆ ಲೆಕ್ಕ ಹಾಕಿದ ಛತ್ರಿ, ಔಷಧಿ, ಎಲ್ಲವೂ ಏರುಪೇರಾಗಿತ್ತು.

ಒಳಗೆ ಮೇಷ್ಟ್ರು ಹಳೆಯ ಭೂತಕನ್ನಡಿ ಹುಡುಕಿ ತಂದು ಫೋಟೋದ ಮೇಲೆ ಬಾಗಿದ್ದರು. "ನೆರಳಂತೂ ಎಲ್ಲೂ ಉಳಿದಿಲ್ಲ. ನೀನೇ ನೋಡು. ಇಷ್ಟು ಶುದ್ಧವಾಗಿ ಟಚಿಂಗ್ ಈಗ ಯಾರು ಮಾಡ್ತಾರೆ?" ಎಂದು ಇನ್ನೂ ಹೆಮ್ಮೆಯಲ್ಲೇ ಇದ್ದರು. ಕನ್ನಡಿ ಗೋಪುರದ ಮೇಲಿಂದ ಜಾರಿ ತಮ್ಮದೇ ಕೋಟಿನ ಮೇಲೆ ಬಂದು ನಿಂತಿತು. ಅವರ ಮುಖ ಹುಳ್ಳಗಾಯಿತು.

"ಅಯ್ಯೋ," ಎಂದರು. "ಜೇಬು."

"ಯಾವ ಜೇಬು?"

"ನನ್ನ ಎಡ ಎದೆ ಮೇಲೇ ಇದೆ ಕಣೇ. ಗುಂಡಿಗಳೂ ಬಲಗಡೆಗೇ ಇವೆ. ನೆಗೆಟಿವ್ ತಿರುಗಿದ್ರೆ ಇವೂ ತಿರುಗಬೇಕಿತ್ತು. ನಾವು ಸರಿಯಾಗಿದೀವಿ, ಹಿಂದಿರೋ ಊರು ಮಾತ್ರ ತಿರುಗಿದೆ." ಅವರು ಭೂತಕನ್ನಡಿಯನ್ನು ಮಡಿಲಲ್ಲಿ ಇಟ್ಟುಕೊಂಡರು. "ಊರವರ ಮುಖದ ಮೊಡವೆ ಅಳಿಸಿಕೊಂಡು ಬಾಳಿದೋನು ನಾನು. ನನ್ನ ಬಾಯನ್ನ ಒಂದು ನಿಮಿಷ ಮುಚ್ಚಿಕೊಂಡಿರೋಕೆ ಆಗಲಿಲ್ಲ ನೋಡು."

ಪುಟ್ಟಿ ಗಂಡನನ್ನು ಬೈಯಲಿಲ್ಲ. ಬೈದರೆ ಅವರು ಇನ್ನೂ ವಿವರಣೆ ಕೊಡುತ್ತಾರೆ ಎನ್ನುವುದು ಒಂದು. ತಪ್ಪು ಅವರೊಬ್ಬರದೇ ಅಲ್ಲ ಎನ್ನುವುದು ಇನ್ನೊಂದು. ತಲೆ ಬಾಚಿಕೊಂಡು ಅಂಗಡಿಗೆ ಹೊರಟಳು.

ಮಧ್ಯಾಹ್ನದ ಹೊತ್ತು. ಬೀದಿಯಲ್ಲಿ ಅಷ್ಟಾಗಿ ಜನ ಇರಲಿಲ್ಲ. ಅಂಗಡಿಯಲ್ಲಿ ಟೇಲರಕ್ಕ ಒಂದು ದಪ್ಪ ಬಟ್ಟೆಯ ಪ್ಯಾಂಟು ಹೊಲಿಯುತ್ತಿದ್ದಳು. ಮಿಶಿನ್ನಿನ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಪುಟ್ಟಿ ಗಿರಾಕಿಗಳ ಬೆಂಚಿನ ಮೇಲೆ ಕುಳಿತಳು. ಅಕ್ಕ ತಲೆ ಎತ್ತಲಿಲ್ಲ. ಒಂದು ಕಾಲು ಮುಗಿಯಿತು, ಇನ್ನೊಂದು ಕಾಲು ಶುರುವಾಯಿತು. ಅದೂ ಅರ್ಧಕ್ಕೆ ಬಂದ ಮೇಲೆ ಟೇಲರಕ್ಕ ಪೆಡಲು ನಿಲ್ಲಿಸಿದಳು.

"ನನ್ನ ಕೋಟು ತಿರುಗಿಲ್ಲ ಪುಟ್ಟಿ."

"ಗೊತ್ತಾಯ್ತಕ್ಕ."

"ನೀವು ಹೋಗಲೇ ಇಲ್ಲ."

"ಇಲ್ಲ."

"ಆ ಮೆಟ್ಟಿಲು?"

"ಇಲ್ಲ ಅಕ್ಕ."

"ಕುಂಟು ಪಾರಿವಾಳ?"

ಪುಟ್ಟಿ ತಲೆಯಾಡಿಸಿದಳು.

"ಆ ನೀರಿನವನು?" ಟೇಲರಕ್ಕನ ದನಿ ಮೊದಲ ಸಲ ಒಡೆಯಿತು. "ಅವನೂ ಇಲ್ವಾ? ಈಗ ತಾನೇ ಸತ್ತನೋ ಏನೋ ಅಂತ ಮರುಗಿದೆನಲ್ಲೇ. ಎಷ್ಟು ವರ್ಷದಿಂದ ಅವನನ್ನ ನೆನೆಸ್ಕೋತಿದೀನಿ ನಾನು! ಬೇಸಿಗೇಲಿ ಬಾಯಾರಿದಾಗೆಲ್ಲ ನೆನೆಸ್ಕೊಂಡಿದೀನಿ."

ಪುಟ್ಟಿ ಬೆಂಚಿನ ತುದಿಗೆ ಸರಿದಳು. ಒಂಬೈನೂರು ಗುರುತಿನ ಚೀಟಿಯ ವಿಷಯ, ಯಜಮಾನರು ಹೇಳಿದ ಮಾತು, ಎಲ್ಲವನ್ನೂ ಹೇಳಿದಳು. ಹೇಳುವಾಗ ಅದೆಷ್ಟು ಚಿಕ್ಕ ಕಾರಣ ಎಂದು ಅವಳಿಗೇ ಅನಿಸಿತು. ಇಷ್ಟು ಹೇಳಿಬಿಡುವುದಕ್ಕೆ ಒಂದು ಆಯುಸ್ಸು ಹಿಡಿಯಿತಲ್ಲ ಎಂದು ನಾಚಿಕೆಯಾಯಿತು.

"ಮೇಷ್ಟ್ರ ಕೆಲಸ ಹೋಗ್ತಿತ್ತು, ಸರಿ. ಅದು ನನಗೆ ಅರ್ಥ ಆಗಲ್ವಾ?" ಎಂದಳು ಟೇಲರಕ್ಕ. "ಟಿಕೆಟ್ಟು ಹಾಳಾಗಿದ್ದು ನನಗೆ ದೊಡ್ಡದಲ್ಲ. ನಾನು ನಿನ್ನ ಬಾಯಿಂದ ಒಂದು ಊರು ಕಟ್ಕೊಂಡಿದ್ದೆ. ಇನ್ನು ಅಲ್ಲಿಗೆ ಹೋಗಿ ಏನು ನೋಡ್ಲಿ? ಒಂದೊಂದು ಕಲ್ಲು ನೋಡಿದಾಗಲೂ ಇದು ಪುಟ್ಟಿ ಹೇಳಿದ ಸುಳ್ಳು, ಇದು ಪುಟ್ಟಿ ಹೇಳಿದ ಸುಳ್ಳು ಅನ್ಕೊಂಡು ತಿರುಗಲಾ?"

ಪುಟ್ಟಿ ಬೆಂಚಿನ ಮೇಲೆ ಬಿದ್ದಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಉಂಡೆ ಮಾಡಿದಳು.

"ಆ ಐದು ದಿನ ಎಲ್ಲಿದ್ರಿ?"

"ಎದುರುಗಡೆ."

ಟೇಲರಕ್ಕ ತಿರುಗಿ ನೋಡಿದಳು. ರಸ್ತೆಯ ಆಚೆ, ಸ್ಟುಡಿಯೋ ಇದ್ದ ಕಟ್ಟಡದಲ್ಲಿ ಈಗ ಫೋನ್ ರಿಪೇರಿ ಅಂಗಡಿ ಇತ್ತು. ಮಹಡಿಯ ಮೇಲಿನ ಕಿಟಕಿ ಮಾತ್ರ ಹಾಗೇ ಇತ್ತು, ಗಾಜಿಗೆ ಬಣ್ಣ ಬಳಿದಿದ್ದರು.

"ಮಹಡಿ ಮೇಲಾ?"

"ಹೂಂ. ಪರದೆ ಇಡೋ ಹಾಲಿನಲ್ಲಿ. ಇವರು ಬೆಳಗಿಂದ ಸಂಜೆವರೆಗೆ ಒಂಬೈನೂರು ಮುಖ ತಿದ್ದೋರು. ನಾನು ಪ್ರಿಂಟ್ ಒಣಗಿಸ್ತಿದ್ದೆ. ಬನ್ನು, ಟೀ. ಯಜಮಾನರ ಹೆಂಡತಿ ಪಾಪ ಒಂದು ಹೊತ್ತು ಊಟ ಕಳಿಸೋರು. ಇವರಿಗೆ ನನ್ನ ನೋಡಿ ಸಂಕಟ. ಅದಕ್ಕೆ ದಿನಕ್ಕೊಂದು ಪರದೆ ಇಳಿಸ್ತಿದ್ರು. ಒಂದಿನ ಸಮುದ್ರ, ಒಂದಿನ ತೋಟ. ಇವತ್ತು ಸಮುದ್ರಕ್ಕೆ ಬಂದಿದೀವಿ, ನೀರಿಗೆ ಇಳೀಬೇಡ ಅನ್ನೋರು."

"ಮೇಷ್ಟ್ರಿಗೆ ಅದೆಲ್ಲ ಬರ್ತಿತ್ತಾ?" ಟೇಲರಕ್ಕನ ಬಾಯಿಂದ ಮಾತು ಜಾರಿಬಿಟ್ಟಿತು. ಜಾರಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದವಳಂತೆ ಪ್ಯಾಂಟನ್ನು ಕೊಡವಿದಳು.

"ಆ ಕಿಟಕಿಯಿಂದ ನಿನ್ನ ಅಂಗಡಿ ಕಾಣ್ತಿತ್ತು," ಎಂದಳು ಪುಟ್ಟಿ. ಇದನ್ನು ಹೇಳಬೇಕೆಂದು ಅವಳು ಬಂದಿರಲಿಲ್ಲ. ಈ ಮಾತನ್ನು ಗಂಡನಿಗೂ ಹೇಳಿದವಳಲ್ಲ. "ಬೆಳಗ್ಗೆ ಒಂಬತ್ತಕ್ಕೆ ನೀನು ಬರ್ತಿದ್ದೆ. ಬೀಗ ತೆಗೆದು, ಶಟರಿನ ಒಂದು ತುದಿ ಹಿಡಿದು, ಪಕ್ಕಕ್ಕೆ ತಿರುಗಿ ಏನೋ ಹೇಳ್ತಿದ್ದೆ. ಅಲ್ಲಿ ಯಾರೂ ಇರ್ತಿರಲಿಲ್ಲ. ಒಂಬತ್ತು ವರ್ಷ ಆ ಕಡೆ ತುದಿ ಹಿಡೀತಿದ್ದವಳು ನಾನಲ್ವಾ. ಆಮೇಲೆ ನಿನಗೆ ನೆನಪಾಗೋದು. ಒಬ್ಬಳೇ ಎತ್ತೋಕೆ ಹೋಗ್ತಿದ್ದೆ. ಅದು ಅರ್ಧಕ್ಕೆ ಬಂದು ವಾರೆಯಾಗಿ ಸಿಕ್ಕಿಹಾಕ್ಕೊಳ್ಳೋದು. ನೀನು ಬಗ್ಗಿ ಕೆಳಗಿಂದ ನುಗ್ಗಿ ಒಳಗೆ ಹೋಗ್ತಿದ್ದೆ. ಮೊದಲನೇ ದಿನ ಮರೆತಿದೀಯ ಅನ್ಕೊಂಡೆ. ಐದನೇ ದಿನವೂ ತಿರುಗಿದೆ ಅಕ್ಕ. ಐದೂ ದಿನ ತಿರುಗಿದೆ."

ಟೇಲರಕ್ಕ ಮಿಶಿನ್ನಿನ ಚಕ್ರದ ಮೇಲೆ ಕೈ ಇಟ್ಟಳು.

"ಓಡಿ ಬಂದು ಹಿಡ್ಕೋಬೇಕು ಅನ್ನಿಸ್ತಿತ್ತು. ಮೆಟ್ಟಿಲವರೆಗೂ ಬಂದಿದೀನಿ ಒಂದಿನ. ಬಂದ್ರೆ ಎಲ್ಲ ಗೊತ್ತಾಗುತ್ತಲ್ಲ ಅಂತ ವಾಪಸ್ ಹೋಗಿ, ಆ ಗಾಜಿಗೆ ಹಣೆ ಒತ್ತಿಕೊಂಡು ಅತ್ತೆ." ಪುಟ್ಟಿ ಕೈಯಲ್ಲಿದ್ದ ದಾರದ ಉಂಡೆಯನ್ನು ಬೆಂಚಿನ ಮೇಲೆ ಇಟ್ಟಳು. "ನೋಡಿದ್ದೆಲ್ಲ ಬಂದು ಹೇಳು, ಒಂದೂ ಬಿಡಬೇಡ ಅಂದಿದ್ದೆ ನೀನು. ನಾನು ನೋಡಿದ್ದು ಅದೊಂದೇ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ."

ಫೋನ್ ಅಂಗಡಿಯಲ್ಲಿ ಯಾರೋ ಒಂದೇ ರಾಗವನ್ನು ಮತ್ತೆ ಮತ್ತೆ ಬಾರಿಸಿ ಪರೀಕ್ಷಿಸುತ್ತಿದ್ದರು. ಟೇಲರಕ್ಕ ಕನ್ನಡಕ ತೆಗೆದು ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡಳು. ಟೇಪಿಗಂಟಿದ್ದ ಮಿಶಿನ್ನಿನ ಎಣ್ಣೆ ತಾಗಿ ಕಣ್ಣು ಇನ್ನಷ್ಟು ಉರಿಯಿತು. "ಥೂ," ಎಂದು ಬೈದುಕೊಂಡಳು.

"ಏನು ಹೇಳ್ತಿದ್ದೆ ನಾನು? ತಿರುಗಿ?"

"ಕೇಳಿಸ್ತಿರಲಿಲ್ಲ. ಗಾಜು ಮುಚ್ಚಿತ್ತು."

ಟೇಲರಕ್ಕ ನೆನಪು ಮಾಡಿಕೊಳ್ಳಲು ನೋಡಿದಳು. "ಇನ್ನೇನು ಹೇಳ್ತೀನಿ. ಹಿಡ್ಕೋ ಪುಟ್ಟಿ, ಅಂದಿರಬೇಕು."

ಅಷ್ಟರಲ್ಲಿ ಒಬ್ಬ ಗಿರಾಕಿ ಕವರು ಹಿಡಿದು ಮೆಟ್ಟಿಲು ಹತ್ತಿದ. ಎರಡು ಅಂಗಿಯ ತೋಳು ಮೋಟು ಮಾಡಬೇಕಿತ್ತು, ಬುಧವಾರಕ್ಕೆ ಬೇಕು ಎಂದ. ಟೇಲರಕ್ಕ ಅಂಗಿಗಳನ್ನು ಬಿಡಿಸಿ, ಒಳಗಿನ ಹೊಲಿಗೆ ನೋಡಿ, ಯಾರೋ ಕೆಲಸ ಗೊತ್ತಿಲ್ಲದವನು ಹೊಲಿದದ್ದು ಎಂದು ಮುಖ ಸಿಂಡರಿಸಿ, ವಾಪಸ್ ಮಡಚಿ ಅವನ ಕೈಗಿಟ್ಟಳು.

"ಬುಧವಾರ ಆಗಲ್ಲ. ನಾನು ಊರಲ್ಲಿರಲ್ಲ."

"ಹೌದಾ? ಎಲ್ಲಿಗೆ?"

"ರಾಜಧಾನಿ ನೋಡೋಕೆ. ನಾನು, ನನ್ನ ತಂಗಿ."

"ಅದೇ, ನೀವು ಅಳತೆ ತೆಗೆಯುವಾಗ ಹೇಳ್ತಿರ್ತೀರಲ್ಲ, ಆ ನೀರಿನ ಮುದುಕ, ಪಾರಿವಾಳ..." ಗಿರಾಕಿ ನಕ್ಕ. "ಅದೇ ಊರಾ?"

ಪುಟ್ಟಿ ತಲೆ ತಗ್ಗಿಸಿದಳು.

"ಅದು ಬೇರೆ," ಎಂದಳು ಟೇಲರಕ್ಕ. "ಈ ಊರು ನಾವಿಬ್ಬರೂ ನೋಡಿಲ್ಲ."

ಗಿರಾಕಿ ಹೋದ. ಟೇಲರಕ್ಕ ಅರ್ಧ ಹೊಲಿದ ಪ್ಯಾಂಟನ್ನು ಹಾಗೇ ಮಿಶಿನ್ನಿನ ಮೇಲೆ ಬಿಟ್ಟು ಎದ್ದಳು. ಅವಳು ಕೆಲಸ ಅರ್ಧಕ್ಕೆ ಬಿಟ್ಟು ಏಳುವುದನ್ನು ಪುಟ್ಟಿ ನೋಡಿದ್ದು ಕಡಿಮೆ.

"ಕಿಟಕಿ ಪಕ್ಕ ನಾನು ಕೂತ್ಕೋತೀನಿ, ಈಗಲೇ ಹೇಳಿರ್ತೀನಿ," ಎಂದಳು ದೀಪ ಆರಿಸುತ್ತ. "ಅಲ್ಲಿ ಹೋದ ಮೇಲೆ ನೀನು ತುಟಿ ಬಿಚ್ಚಬೇಡ. ಏನೇನಿದೆ ಅಂತ ಈ ಸಲ ನಾನು ಹೇಳ್ತೀನಿ, ನೀನು ಕೇಳು."

"ಹೂಂ."

"ನಿನ್ನ ಗಂಡನಿಗೂ ಹೇಳು. ಅವರಂತೂ ಬಾಯೇ ತೆಗೀಬಾರದು."

"ಹೇಳ್ತೀನಿ," ಎಂದು ಪುಟ್ಟಿ ಅಳುತ್ತಲೇ ನಕ್ಕಳು.

ಟೇಲರಕ್ಕ ಹೊರಗೆ ಬಂದು ಶಟರಿನ ಒಂದು ತುದಿ ಹಿಡಿದಳು. ಎಳೆಯಲಿಲ್ಲ. ಪುಟ್ಟಿ ಬೆಂಚಿನ ಕೆಳಗೆ ಚಪ್ಪಲಿ ಹುಡುಕಿ, ಮೆಟ್ಟಿಕೊಂಡು, ಹೊಸ್ತಿಲು ದಾಟಿ ಬರುವವರೆಗೆ ಬಿಸಿಲಲ್ಲಿ ರಸ್ತೆ ಕಡೆ ನೋಡುತ್ತ ಹಾಗೇ ನಿಂತಿದ್ದಳು.